ಭಾವನ ಸ್ಪ್ರಿಂಗು, ಅಕ್ಕನ ತೂಕ

ನನ್ನ ಭಾವ, ಅಂದರೆ ಅಕ್ಕನ ಗಂಡ, ಕಾರುಗಳ ಸಸ್ಪೆನ್ಷನ್ ಇಂಜಿನಿಯರ್. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲೇ ಅವರ ಆಫೀಸು, ಅಲ್ಲೇ ಮನೆ. ರಸ್ತೆಯಲ್ಲಿ ಗುಂಡಿ ಸಿಕ್ಕರೆ ಕಾರು ಎಷ್ಟು ಕುಸಿಯಬೇಕು, ಎಷ್ಟು ಬೇಗ ಮೇಲೇಳಬೇಕು ಎಂದು ಲೆಕ್ಕ ಹಾಕುವುದು ಅವರ ಕೆಲಸ. ಯಾರ ಮನೆಗೆ ಊಟಕ್ಕೆ ಹೋದರೂ ಸಾರಿನ ಹೊತ್ತಿಗೆ ಈ ವಿಷಯ ಎತ್ತದೆ ಬಿಡುವವರಲ್ಲ. ಅಂಥವರ ಗ್ಯಾರೇಜಿನಲ್ಲಿ ಒಂದು ಸ್ನೋಮೊಬೈಲು ಹಿಂಭಾಗವನ್ನು ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕೂತಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವ ಗಾದೆ ಹುಟ್ಟಿದ್ದು ಇಂಥವರನ್ನು ನೋಡಿಯೇ ಇರಬೇಕು.

ಸ್ನೋಮೊಬೈಲು ಎಂದರೆ ಹಿಮದ ಮೇಲೆ ಓಡುವ ಸ್ಕೂಟರು. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಉದ್ದನೆಯ ರಬ್ಬರ್ ಪಟ್ಟಿ, ಇಬ್ಬರು ಕೂರುವ ಸೀಟು. ಹಳೆಯದನ್ನು ಯಾರಿಂದಲೋ ಕೊಂಡು ತಂದವರು ಭಾವ. ಅದನ್ನು ಇಷ್ಟಪಟ್ಟವಳು ಅಕ್ಕ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ ಇಲ್ಲಿನ ಚಳಿಗಾಲದ ಜೊತೆ ಅವಳಿಗೆ ರಾಜಿಯಾಗಿರಲಿಲ್ಲ. ಸಂಜೆ ಐದಕ್ಕೇ ಕತ್ತಲೆ, ಚಪ್ಪಲಿ ಹಾಕುವಂತಿಲ್ಲ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪಿನ ಕಲೆ ಕಾರಿನ ತುಂಬ. ಆದರೆ ಪ್ರತಿ ಫೆಬ್ರವರಿಯಲ್ಲಿ ನಾವು ನಾಲ್ಕು ಮನೆಯವರು ಸೇರಿ ಇಲ್ಲಿನವರು ಅಪ್ ನಾರ್ತ್ ಎನ್ನುವ ಉತ್ತರದ ಕಾಡಿನ ಕಡೆ ಹೋಗಿ ಬಾಡಿಗೆಗೆ ಮರದ ಕ್ಯಾಬಿನ್ ಹಿಡಿದಾಗ, ಭಾವನ ಬೆನ್ನ ಹಿಂದೆ ಕೂತು ಕಾಡಿನ ದಾರಿಯಲ್ಲಿ ಸುತ್ತಿ ಬಂದ ಅಕ್ಕ ಬೇರೆಯೇ ಹೆಂಗಸಾಗಿರುತ್ತಿದ್ದಳು.

"ಅಲ್ಲಿ ನನ್ನ ಯಾರೂ ಏನೂ ಕೇಳಲ್ಲ ಕಣೆ. ಕೂಗಿದ್ರೂ ಇಂಜಿನ್ ಸದ್ದಲ್ಲಿ ಗೊತ್ತಾಗಲ್ಲ," ಎಂದು ಒಮ್ಮೆ ಹೇಳಿದ್ದಳು. ವರ್ಷಕ್ಕೊಂದು ಸಲ ಸಿಗುವ ಆ ಸುಖವೊಂದೇ ಅವಳ ಸ್ವಂತದ್ದು.

ಹೋದ ಬಾರಿ ಹೋದಾಗ ಆ ಸುಖಕ್ಕೂ ಕಲ್ಲು ಬಿತ್ತು. ಸಣ್ಣ ದಿಬ್ಬ ಹತ್ತಿಳಿದರೂ ಗಾಡಿಯ ಹಿಂಭಾಗ ದಡ್ ಎಂದು ತಳ ಮುಟ್ಟುತ್ತಿತ್ತು, ಆ ಏಟು ಅಕ್ಕನ ಬೆನ್ನಿಗೆ ಬೀಳುತ್ತಿತ್ತು. ಬೆನ್ನು ನೋಯುತ್ತದೆ ಎಂದು ಅವಳು ಹೇಳಿದಳು. ಭಾವ ಗಡ್ಡ ಸವರಿಕೊಂಡು, ವಿಚಾರ ಮಾಡ್ತೀನಿ ಎಂದರು.

ಅವರ ವಿಚಾರ ಹಣ್ಣಾದದ್ದು ದೀಪಾವಳಿಗೆ ಮುಂಚಿನ ಒಂದು ಭಾನುವಾರ. ಗ್ಯಾರೇಜಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಅವರ ಇಬ್ಬರು ಗೆಳೆಯರು ನಿಂತಿದ್ದರು. ಇಬ್ಬರೂ ಕಾರು ಕಂಪನಿಯವರೇ, ಜೀವನದಲ್ಲಿ ಒಂದು ನಟ್ಟು ಬಿಚ್ಚಿದವರಲ್ಲ. ನನ್ನ ಗಂಡನೂ ಜೊತೆಗಿದ್ದರು. ನಾನು ಬಾಗಿಲಲ್ಲಿದ್ದೆ. ಬೆಂಗಳೂರಿಗೆ ಹೊರಡುವ ಮುಂಚೆ ಸೂಟ್‌ಕೇಸ್ ತೂಗಲು ಎಲ್ಲರ ಮನೆಯಲ್ಲೂ ಒಂದು ತೂಕದ ಮೆಷಿನ್ ಇರುತ್ತದಲ್ಲ, ಅದನ್ನು ಭಾವ ನೆಲದ ಮೇಲಿಟ್ಟು ಅಡುಗೆಮನೆಯಿಂದ ಅಕ್ಕನನ್ನು ಕರೆದರು.

"ಬಾರೆ, ಒಂದ್ನಿಮಿಷ ಇದರ ಮೇಲೆ ನಿಂತ್ಕೊ. ಹಿಂದೆ ಲೋಡ್ ಎಷ್ಟು ಬೀಳ್ತಿದೆ ಅಂತ ಗೊತ್ತಾಗ್ಬೇಕು."

ಅಕ್ಕ ಸೌಟು ಹಿಡಿದೇ ಬಂದಳು, ಏನೆಂದು ತಿಳಿಯುವ ಮೊದಲೇ ನಿಂತಳು. ಭಾವ ಕತ್ತು ಚಾಚಿ ನೋಡಿ ಪೌಂಡಿನಲ್ಲಿ ಗಟ್ಟಿಯಾಗಿ ಓದಿದರು. ಗೆಳೆಯರಲ್ಲೊಬ್ಬರು ಅದನ್ನು ಕಿಲೋಗೆ ಪರಿವರ್ತಿಸಿ ಹೇಳಿದರು, ಯಾರೂ ಕೇಳದಿದ್ದರೂ.

"ಪ್ರಾಬ್ಲಂ ಗಾಡೀಲಿಲ್ಲ, ಇಲ್ಲಿದೆ ನೋಡಿ," ಎಂದರು ಭಾವ.

ಗಂಡಸರು ನಕ್ಕರು. ನನ್ನ ಗಂಡನೂ ನಕ್ಕರು. ಅವರಿಗೆ ಕ್ಯಾಂಟನ್ನಿನ ನಮ್ಮ ಮನೆ ತಲುಪುವವರೆಗೂ ಕಾರಿನಲ್ಲಿ ನನ್ನಿಂದ ಬೇರೆ ಪೂಜೆಯಾಯಿತು. ಭಾವನ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಅದನ್ನು ತೂಗಬೇಕೆಂದು ಅಲ್ಲಿದ್ದ ಯಾವ ಇಂಜಿನಿಯರನಿಗೂ ಹೊಳೆಯಲಿಲ್ಲ.

ಅಂದಿನಿಂದ ಅಕ್ಕ ಅನ್ನ ಬಿಟ್ಟಳು. ರಾತ್ರಿಗೆ ಒಂದು ಬಟ್ಟಲು ಮೊಳಕೆ ಕಾಳು, ಅಷ್ಟೇ. ದೀಪಾವಳಿಗೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿದಳು, ತಾನು ಮುಟ್ಟಲಿಲ್ಲ. ಹೊಸ ವರ್ಷದ ಹೊತ್ತಿಗೆ ಅವಳ ಕುತ್ತಿಗೆಯ ಮೂಳೆ ಕಾಣುತ್ತಿತ್ತು. ಈ ಸಲ ಗಾಡಿ ಹತ್ತುವುದಿಲ್ಲವೆಂದೂ ನೀವೆಲ್ಲ ಸುತ್ತಾಡಿ ಬರುವಷ್ಟರಲ್ಲಿ ಕ್ಯಾಬಿನ್‌ನಲ್ಲೇ ಇದ್ದು ಬಿಸಿಬೇಳೆಬಾತ್ ಮಾಡಿಡುತ್ತೇನೆಂದೂ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾಚಿಕೆಯಿಂದ ಹೇಳಿದಳು.

ಭಾವ ಸುಮ್ಮನೆ ಕೂತಿರಲಿಲ್ಲ, ಪಾಪ. ಹಿಂದಿನ ಸೀಟಿನ ಒರಗು ಬಿಚ್ಚಿದರು. ಸಾಮಾನು ಕಟ್ಟುವ ಕ್ಯಾರಿಯರ್ ಬಿಚ್ಚಿದರು. ಅದರಿಂದ ಗಾಡಿ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾಶಯರು ನೆಲವನ್ನು ಬಿಟ್ಟು ಹೆಂಡತಿಯನ್ನೇ ಹಿಡಿದುಕೊಂಡರು.

ನಾನು ಹಲ್ಲಿನ ಡಾಕ್ಟರು, ಮಕ್ಕಳ ಸೊಟ್ಟ ಹಲ್ಲಿಗೆ ತಂತಿ ಕಟ್ಟುವವಳು. ಬಿಗಿಯಾಗಿದ್ದ ತಂತಿ ಕಾಲಕ್ರಮೇಣ ಸೋಲುವುದನ್ನು ದಿನಾ ನೋಡುತ್ತೇನೆ. ಜನವರಿಯ ಒಂದು ಭಾನುವಾರ ಅಕ್ಕನ ಮನೆಯಲ್ಲಿದ್ದಾಗ ದೋಸೆ ಹಿಟ್ಟು ತರಲು ಗ್ಯಾರೇಜಿನ ಫ್ರಿಜ್ಜಿಗೆ ಹೋದೆ. ಸ್ನೋಮೊಬೈಲು ಒಂಟಿಯಾಗಿ ಕುಕ್ಕರಿಸಿತ್ತು. ಮೇಲೆ ಅಕ್ಕ ಇರಲಿಲ್ಲ, ನೊಣವೂ ಇರಲಿಲ್ಲ. ಹಿಟ್ಟಿನ ಡಬ್ಬಿ ಕೆಳಗಿಟ್ಟು ಹಿಂದಿನ ಕಂಬಿ ಹಿಡಿದು ಗಾಡಿಯನ್ನು ಮೇಲೆತ್ತಿದೆ, ಮೆಲ್ಲಗೆ ಬಿಟ್ಟೆ. ಎಲ್ಲಿತ್ತೋ ಅಲ್ಲಿಗೇ ಕುಸಿದು ಕೂತಿತು. ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಎಡಕ್ಕೊಂದು ಬಲಕ್ಕೊಂದು ದಪ್ಪನೆಯ ಸ್ಪ್ರಿಂಗ್. ಅವನ್ನು ಬಿಗಿಮಾಡುವ ತಿರುಪುಗಳನ್ನು ಯಾರೋ ಎಂದೋ ಕೊನೆಯವರೆಗೆ ತಿರುಗಿಸಿ ಬಿಟ್ಟಿದ್ದರು. ಇನ್ನು ಬಿಗಿಮಾಡಲು ಜಾಗವಿಲ್ಲ. ಸ್ಪ್ರಿಂಗಿಗೆ ವಯಸ್ಸಾಗಿತ್ತು, ಅಷ್ಟೇ ವಿಷಯ. ಇದನ್ನು ತಿಳಿಯಲು ಯಾವ ಡಿಗ್ರಿಯೂ ಬೇಡ, ಒಮ್ಮೆ ಬಗ್ಗಬೇಕು. ಭಾವನ ಹೊಟ್ಟೆ ಬಗ್ಗಗೊಡುವುದಿಲ್ಲ.

ಅಕ್ಕನನ್ನು ಕರೆದು ತೋರಿಸಿದೆ. ತಾನೇ ಎತ್ತಿದಳು, ಬಿಟ್ಟಳು. ಮತ್ತೆ ಎತ್ತಿದಳು, ಬಿಟ್ಟಳು. ಆಮೇಲೆ ಒಳಗೆ ಹೋಗಿ ದೋಸೆ ಹೊಯ್ದಳು.

ಸಂಜೆ ಅದೇ ಗೆಳೆಯರು ಬಂದರು. ಫೆಬ್ರವರಿಯ ಪ್ರಯಾಣದ ಮಾತಿಗೆ ಮತ್ತೆ ಗ್ಯಾರೇಜಿನಲ್ಲೇ ಸಭೆ. ಅಕ್ಕ ಕಾಫಿ ತಂದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು ಗಾಡಿ ಎತ್ತಿ ಬಿಟ್ಟಳು. ಅದು ಎಲ್ಲರ ಮುಂದೆ ಕುಸಿದು ಕೂತಿತು.

"ರೀ, ಈಗ ಇದರ ಮೇಲೆ ಯಾರು ಕೂತಿದಾರೆ?"

"ಅದು ಸ್ಟ್ಯಾಟಿಕ್ ಸ್ಯಾಗ್ ಕಣೆ, ಅದೇ ಬೇರೆ ಕಾನ್ಸೆಪ್ಟು. ನಿಂಗರ್ಥ ಆಗಲ್ಲ."

"ಯಾರು ಕೂತಿದಾರೆ ಅಂತ ಕೇಳಿದೆ."

ಭಾವ ಗೆಳೆಯರನ್ನು ನೋಡಿದರು. ಗೆಳೆಯರು ಕಾಫಿ ನೋಡಿಕೊಂಡರು.

"ಯಾರೂ ಇಲ್ಲ," ಎಂದರು ಕೊನೆಗೆ.

ಅಕ್ಕ ಅಂದೇ ಎರಡು ಸ್ಪ್ರಿಂಗ್ ಆರ್ಡರ್ ಮಾಡಿದಳು. ಡಬ್ಬಿ ಬಂದಾಗ ಭಾವನ ಬುದ್ಧಿ ಮತ್ತೊಮ್ಮೆ ಮಿಂಚಿತು. ಎಡಗಡೆಯದು ಇನ್ನೂ ಪರವಾಗಿಲ್ಲ, ಬಲಗಡೆಗೆ ಮಾತ್ರ ಹೊಸದು ಹಾಕಿ ಇನ್ನೊಂದನ್ನು ಎತ್ತಿಟ್ಟರೆ ಮುಂದೆ ಬೇಕಾಗುತ್ತದೆ ಎಂದರು. ಹೊಸ ಸೋಫಾದ ಪ್ಲಾಸ್ಟಿಕ್ ಬಿಚ್ಚದೆ ಕೂರುವ ನಮ್ಮ ಜನಕ್ಕೆ ಮಾತ್ರ ಬರುವ ಯೋಚನೆ ಇದು. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೆಯದು ಹಾಕಿ ಓಡಿ ನೋಡಿ ಭಾವ ಎಂದೆ ನಾನು. ಅಕ್ಕ ವಾದಕ್ಕೆ ನಿಲ್ಲಲಿಲ್ಲ, ಗಾಡಿಯನ್ನು ರಿಪೇರಿ ಅಂಗಡಿಗೆ ಕಳಿಸಿ ಎರಡನ್ನೂ ಹಾಕಿಸಿದಳು.

ಫೆಬ್ರವರಿಯಲ್ಲಿ ಕ್ಯಾಬಿನ್ ಮುಂದೆ ಗಾಡಿ ಬೆನ್ನು ನೆಟ್ಟಗೆ ಮಾಡಿ ನಿಂತಿತ್ತು. ಕೊರೆಯುವ ಚಳಿ, ಆದರೆ ಬಿಸಿಲಿತ್ತು. ಭಾವ ಸೀಟನ್ನು ಎರಡು ಸಲ ಒತ್ತಿ ನೋಡಿದರು, ಅದು ಚೆನ್ನಾಗಿ ಪುಟಿಯಿತು. ಅವರು ಎಲ್ಲರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು:

"ನೋಡಿದ್ರಾ? ಇವಳು ತೂಕ ಇಳಿಸಿದ್ದು ಎಷ್ಟು ಡಿಫರೆನ್ಸ್ ಮಾಡ್ತು ಅಂತ."

ಅವರು ಕುಹಕಕ್ಕೆ ಹೇಳಿದ್ದಲ್ಲ. ಹೆಂಡತಿಯನ್ನು ಹೊಗಳುತ್ತಿದ್ದರು. ಗೆಳೆಯರು ತಲೆಯಾಡಿಸಿದರು. ಇಷ್ಟು ದಡ್ಡತನವನ್ನು ಒಂದೇ ತಲೆಯಲ್ಲಿ ಹೇಗೆ ತುಂಬಿದ್ದಾನೆ ದೇವರು ಎಂದು ನಾನು ಬೆರಗಾದೆ.

ಅಕ್ಕ ಹೆಲ್ಮೆಟ್ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ, ಓಡಿಸುವವರ ಜಾಗದಲ್ಲಿ ಕೂತಳು. ಹ್ಯಾಂಡಲಿನ ಪುಟ್ಟ ಹಿಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಗಾಡಿ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಷ್ಟು ವರ್ಷ ಹಿಂದೆ ಕೂತು ನೋಡಿದವಳಿಗೆ ಅದೇನು ದೊಡ್ಡದಲ್ಲ.

"ಸರಿ, ಇವತ್ತು ನೀನೇ ಓಡ್ಸು. ನಾನು ಹಿಂದೆ ಕೂತ್ಕೋತೀನಿ," ಎಂದು ಭಾವ ದೊಡ್ಡ ಮನಸ್ಸು ಮಾಡಿ ಕಾಲೆತ್ತಿದರು.

"ಬೇಡ ರೀ. ಲೋಡ್ ಜಾಸ್ತಿಯಾಗುತ್ತೆ," ಎಂದಳು ಅಕ್ಕ.

ಗಾಡಿ ಹೊರಟು ಮರಗಳ ನಡುವೆ ಮರೆಯಾಯಿತು. ಭಾವ ಹೊಗೆಯಲ್ಲಿ ನಿಂತಿದ್ದರು, ಎತ್ತಿದ ಕಾಲು ಮಂಡಿಯವರೆಗೆ ಹಿಮದಲ್ಲಿ ಹೂತಿತ್ತು. ಅವರು ನಮ್ಮ ಮನೆಯ ಅಳಿಯರಾದ ಮೇಲೆ ಅವರ ಮುಖ ನೋಡಿ ನನಗೆ ಸಂತೋಷವಾದದ್ದು ಅದೇ ಮೊದಲು.