ಪಾರಿವಾಳದ ಗೂಡಿಗೆ ಒಂದು ಮೀಟರ್ ವಿನಾಯಿತಿ

ಬಹ್ರೇನ್‌ನ ಮನಾಮಾದಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಜಿಂಜ್ ಬಡಾವಣೆಯ ಅಬು ಯೂಸುಫ್ ಎಂಬ ಹಿರಿಯರಿಗೆ ತಾರಸಿಯ ಮೇಲೆ ಪಾರಿವಾಳದ ಗೂಡು ಬೇಕಿತ್ತು. ನಾನು ಧಾರಾಳವಾಗಿಯೇ ಬರೆದೆ. ಎತ್ತರ ನಿಯಮಕ್ಕಿಂತ ಒಂದು ಮೀಟರ್ ಹೆಚ್ಚಾಯಿತು. ವಿನಾಯಿತಿ ಸಿಗದಿದ್ದರೆ ಗೂಡೇ ಇಲ್ಲ, ಸಾಕಿದ ಹಕ್ಕಿಗಳನ್ನೆಲ್ಲ ತಮ್ಮ ತಂಗಿಗೆ ಕೊಡಬೇಕಾದೀತೆಂದು ಅವರಿಗೆ ಊಟವೇ ಸೇರುತ್ತಿರಲಿಲ್ಲ.

ನೆರೆಯವರ ಒಪ್ಪಿಗೆ ಪತ್ರ ಹಿಡಿದು ಇಬ್ಬರೂ ಮುನ್ಸಿಪಾಲಿಟಿ ಸಮಿತಿಯ ಮುಂದೆ ಕೂತೆವು. ಅಧ್ಯಕ್ಷರು ಅದನ್ನು ಮುಟ್ಟಲೇ ಇಲ್ಲ. ನಕ್ಷೆ ನೋಡಿ, "ಬಾಗಿಲು ಯಾವ ಕಡೆಗೆ?" ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು.

"ಉತ್ತರಕ್ಕೆ, ಸರ್."

"ಗಾಳಿ, ಮರಳು ಬರುವುದೇ ಆ ಕಡೆಯಿಂದ. ನೀವು ಪಾರಿವಾಳ ಸಾಕಿದ್ದೀರಾ?"

"ಇಲ್ಲ, ಸರ್."

"ನಾನು ಸಾಕಿದ್ದೇನೆ. ಸೂರು ತಗ್ಗಿರಬೇಕು. ಇಲ್ಲವಾದರೆ ಹಕ್ಕಿ ಹಿಡಿಯಲು ಏಣಿ ಬೇಕಾಗುತ್ತದೆ."

ಪೆನ್ಸಿಲ್ ತೆಗೆದು ಬಾಗಿಲನ್ನು ದಕ್ಷಿಣಕ್ಕೆ ತಿರುಗಿಸಿದರು, ಒಂದು ಮೀಟರ್ ಹೊಡೆದುಹಾಕಿದರು. ನಾಲ್ಕು ದಿನ ಕೂತು ಬರೆದ ನಕ್ಷೆ, ಮಾರಾಯ್ರೆ! ಇನ್ನು ವಿನಾಯಿತಿಯೇ ಬೇಡವೆಂದು ಅರ್ಜಿ ವಾಪಸ್ ಬಂತು.

ಅಬು ಯೂಸುಫ್ ಮಾತ್ರ ಗೆದ್ದವರ ಹಾಗೆ ಹೊರಬಂದು ನನಗೆ ಚಹಾ ಕುಡಿಸಿದರು.

ಹತ್ತು ವರ್ಷಗಳಿಂದ ಮನುಷ್ಯರು ಮಲಗುವ ಕೋಣೆಗಳ ಕಿಟಕಿಯನ್ನೂ ನಾನು ಅದೇ ಉತ್ತರಕ್ಕೆ ಇಡುತ್ತಿದ್ದೇನೆ. ಯಾವ ಕಡೆಗೆಂದು ಈವರೆಗೆ ಯಾರೂ ಕೇಳಿಲ್ಲ.