ಗುಂಡಿ ಬಕ್ಷಿಯ ಅಧಿಕಾರಾವಧಿ

ಹುಣಸೂರಿನಲ್ಲಿ ನಾನು ಎರಡು ಉದ್ಯೋಗ ಮಾಡಿದ್ದೇನೆ. ಒಂದು, ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತನದು. ಅದಕ್ಕೆ ಮಹಾರಾಜರ ಸರ್ಕಾರದ ಹುಕುಂ ಇತ್ತು. ಇನ್ನೊಂದು, ಊರಿನ ಫುಟ್‌ಬಾಲ್ ತಂಡದಲ್ಲಿ ಗುಂಡಿ ಬಕ್ಷಿಯದು. ಅದಕ್ಕೆ ಒಂದು ಗುಂಡಿ ಇತ್ತು. ಮೊದಲನೆಯ ಉದ್ಯೋಗದಲ್ಲಿ ನಾನು ಏನು ಮಾಡಿದೆನೆಂದು ಈವರೆಗೆ ಯಾರೂ ಕೇಳಿಲ್ಲ. ಎರಡನೆಯದರ ವಿಷಯವಾಗಿ ಊರಿನ ಮುದುಕರು ಈಗಲೂ ವಿಚಾರಿಸುತ್ತಾರೆ. ಆದ್ದರಿಂದ ಅದನ್ನು ದಾಖಲೆಗೆ ತರುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನಮ್ಮ ತಂಡದ ಕ್ಯಾಪ್ಟನ್ನು ಒಂದು ಗಾಡಿ ಕಾರ್ಖಾನೆಯ ಯಜಮಾನರ ಮಗ. ಆಳು ಆರಡಿ, ಮೀಸೆ ಅದಕ್ಕೆ ತಕ್ಕದ್ದು. ಒಮ್ಮೆ ಮೈಸೂರಿಗೆ ಹೋಗಿ ದಸರಾ ದರ್ಬಾರನ್ನು ದೂರದಿಂದ ನೋಡಿಬಂದವನು, ಅಂಥದೊಂದು ನಮ್ಮಲ್ಲೂ ಇರತಕ್ಕದ್ದೆಂದು ತೀರ್ಮಾನಿಸಿದ. ವರ್ಷಕ್ಕೊಬ್ಬರು ಮದುವೆಯಾಗಿಯೋ ವರ್ಗವಾಗಿಯೋ ತಂಡ ಬಿಡುತ್ತಿದ್ದರು. ಅವರ ಜಾಗಕ್ಕೆ ಬರುವ ಹೊಸಬ ವಿಜಯದಶಮಿಯ ಮರುದಿನ ಮಧ್ಯಾಹ್ನ, ಇರುವುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ರುಮಾಲು ಸುತ್ತಿ, ಗಾಡಿ ಕಾರ್ಖಾನೆಯ ಅಂಗಳದ ದರ್ಬಾರಿಗೆ ಹಾಜರಾಗಬೇಕು. ತೇಗದ ದಿಮ್ಮಿಯ ಮೇಲೆ ಕ್ಯಾಪ್ಟನ್ನು ಕುಳಿತಿರುತ್ತಾನೆ. ಅವನಿಗೆ ಒಂದು ನಿಂಬೆಹಣ್ಣು ನಜರು ಒಪ್ಪಿಸಿ, ಬೆನ್ನು ತೋರಿಸದೆ, ಮೂರು ಕಡೆ ನಿಂತು ಸಲಾಮು ಮಾಡುತ್ತ, ಬಾಗಿಲವರೆಗೆ ಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಹೋಗಬೇಕು. ಅಷ್ಟೇ. ಅದು ಮುಗಿದರೆ ಅವನು ತಂಡದವನು.

ದಿಮ್ಮಿಗೂ ಬಾಗಿಲಿಗೂ ನಡುವೆ ಒಂದು ಗುಂಡಿ ಇತ್ತು. ಗಾಡಿ ಚಕ್ರಕ್ಕೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿಯನ್ನು ತಣಿಸಲು ತೋಡಿದ್ದು. ತೊಡೆಯುದ್ದ ನೀರು. ವರ್ಷವಿಡೀ ಬೆಂಕಿಯಲ್ಲಿ ಕಾದ ಕಬ್ಬಿಣವನ್ನೇ ಕುಡಿದು ಕುಡಿದು ಕಾಡಿಗೆಯ ಬಣ್ಣಕ್ಕೆ ತಿರುಗಿದ ನೀರು. ನೇರ ನಡೆದರೆ ಗುಂಡಿ. ಬಲಗಡೆ ಮರದ ಅಟ್ಟಿಗೂ ಗುಂಡಿಗೂ ನಡುವೆ ಒಂದೂವರೆ ಅಡಿ ನೆಲ.

ಗುಂಡಿ ಇರುವುದನ್ನು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ. ಬಂದವನಿಗೆ ಮೊದಲೇ ಮರ್ಯಾದೆಯಿಂದ ತೋರಿಸುತ್ತಿದ್ದರು. ತಮಾಷೆ ಇದ್ದದ್ದೇ ಅಲ್ಲಿ. ಹಿಂದಕ್ಕೆ ತಿರುಗಿ ನೋಡುವ ಹಾಗಿಲ್ಲ, ಮೂರನೆಯ ಸಲಾಮು ಸರಿಯಾಗಿ ಗುಂಡಿಗೆ ಎರಡು ಹೆಜ್ಜೆ ಮುಂಚೆ. ಗುಂಡಿ ಬೇಡ, ಗುಂಡಿ ಬೇಡ ಎಂದು ಜಪಿಸುವವನ ಹಿಮ್ಮಡಿ ಗುಂಡಿಯನ್ನೇ ಹುಡುಕಿಕೊಂಡು ಹೋಗುತ್ತದೆ. ನಾನು ಹಿಂದಿನ ಸಂಜೆ ಬಂದು, ಎಷ್ಟನೆಯ ಹೆಜ್ಜೆಗೆ ಪಕ್ಕಕ್ಕೆ ಸರಿಯಬೇಕೆಂದು ಎಣಿಸಿ, ಚೀಟಿಯಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿದ್ದೆ. ಲೆಕ್ಕ ಸರಿಯಾಗಿತ್ತು. ಸಲಾಮಿಗೆ ಬಗ್ಗಿದಾಗ ಹದಿನಾಲ್ಕೋ ಹದಿನೈದೋ ಎಂಬ ಸಂಶಯ ಬಂತು. ಕಚೇರಿಯವನಿಗೆ ಸಂಶಯ ಬಂದರೆ ಹೆಚ್ಚಿನ ಅಂಕಿಯನ್ನು ಹಿಡಿಯುತ್ತಾನೆ. ಹಿಡಿದೆ, ಬಿದ್ದೆ.

ಬಿದ್ದವನೇ ಮೊದಲು ನಗಬೇಕೆಂಬುದು ದರ್ಬಾರಿನ ಕಾನೂನು. ಕೋಪ ಬಂದರೆ ತಂಡದಲ್ಲಿ ಜಾಗವಿಲ್ಲ. ಮಸಿಯಲ್ಲಿ ಅದ್ದಿ ತೆಗೆದ ಲೇಖಣಿಯ ಹಾಗೆ ಎದ್ದು ನಿಂತು ನಾನು ನಕ್ಕೆ. ಚೆನ್ನಾಗಿ ನಕ್ಕೆನೆಂದು ಎಲ್ಲರೂ ಹೇಳಿದರು. ಕಿವಿಯಲ್ಲಿ ಮೂರು ದಿನ ನೀರು ನಿಂತಿತ್ತು. ಮದುವೆಗೆಂದು ಇಟ್ಟಿದ್ದ ರೇಷ್ಮೆ ಮಗುಟ ಎಷ್ಟು ಒಗೆದರೂ ಬಿಳಿಗೆ ತಿರುಗಲಿಲ್ಲ.

ಅರಮನೆಯಲ್ಲಿ ಬಕ್ಷಿ ಎಂದರೆ ಒಂದು ಇಲಾಖೆಯ ಮುಖ್ಯಾಧಿಕಾರಿ. ನಮ್ಮಲ್ಲಿ ಬಿದ್ದವನಿಗೆ ಗುಂಡಿ ಬಕ್ಷಿ ಎಂಬ ಪದವಿ. ಚೆಂಡು, ಬ್ಲಾಡರು, ಗಾಳಿ ಹೊಡೆಯುವ ಪಂಪು, ನಿಂಬೆಹಣ್ಣು, ಕೊಬ್ಬರಿ ಎಣ್ಣೆ ತುಂಬಿದ ಗೋಣಿಚೀಲವನ್ನು ಪಿರಿಯಾಪಟ್ಟಣಕ್ಕಾಗಲಿ ಹೆಗ್ಗಡದೇವನಕೋಟೆಗಾಗಲಿ ಅವನೇ ಹೊರಬೇಕು. ದರ್ಬಾರಿನಲ್ಲಿ ಪರಾಕು ಕೂಗಬೇಕು, ಸಿಂಹಾಸನವೆಂಬ ಆ ದಿಮ್ಮಿಗೆ ಹೂವು ಕಟ್ಟಿ ಸಿಂಗರಿಸಬೇಕು. ಮುಂದಿನವನು ಬೀಳುವ ತನಕ ಬಿಡುಗಡೆಯಿಲ್ಲ.

ಚೀಲ ಅಷ್ಟೇನೂ ಭಾರವಿರಲಿಲ್ಲ. ಪದವಿ ಭಾರ. ಅದು ಒಂದೇ ವಾರದಲ್ಲಿ ಕಚೇರಿಗೆ ಬಂತು. ಬೆಳಿಗ್ಗೆ ನಾನು ಮೆಟ್ಟಿಲೇರಿದರೆ ಜವಾನ ಎದ್ದು ನಿಂತು, ‘ಬಕ್ಷಿಗೋಳು ಬಂದ್ರು ಕಣ್ರಪ್ಪಾ, ದಾರಿ ಬುಡಿ’ ಎನ್ನುತ್ತಿದ್ದ. ಗಾವಡಗೆರೆಯಿಂದ ನನಗೆ ಹೆಣ್ಣು ಕೊಡುವ ಯೋಚನೆಯಿಂದ ಬಂದವರೊಬ್ಬರು ಬೀದಿಯಲ್ಲಿ ನನ್ನ ಮನೆ ವಿಚಾರಿಸಿದಾಗ, ‘ಯಾರು, ಗುಂಡೀಲಿ ಬಿದ್ದೋರಾ?’ ಎಂಬ ಉತ್ತರ ಸಿಕ್ಕಿತಂತೆ. ಅವರು ಮನೆಗೆ ಬಂದು ಕಾಫಿ ಕುಡಿದರು. ಆಮೇಲೆ ಪತ್ರ ಬರಲಿಲ್ಲ. ಇನ್ನೊಬ್ಬ ಯಾವನಾದರೂ ಬೇಗ ಬೀಳಲಪ್ಪ ಎಂದು ನಾನು ದಿನವೂ ದೇವರಲ್ಲಿ ಬೇಡುತ್ತಿದ್ದೆ. ಯಾರ ಕೇಡನ್ನೂ ಬಯಸಿದವನಲ್ಲ. ಒಬ್ಬನದು ಸಾಕಾಗಿತ್ತು.

ಮರುವರ್ಷದ ಹೊಸಬ ಹಗ್ಗ ಮಾಡುವ ಸಾಬರ ಮಗ. ಲಕ್ಷ್ಮಣತೀರ್ಥದ ದಂಡೆಯಲ್ಲಿ, ಹುಣಸೆಮರದ ಕೆಳಗೆ ಅವರು ಹಗ್ಗ ಹೊಸೆಯುವ ಮಾಳ. ನಾನು ದಿನವೂ ಕಚೇರಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದವನು. ಒಬ್ಬರು ರಾಟೆ ತಿರುಗಿಸುವುದನ್ನೂ, ಇನ್ನೊಬ್ಬರು ಸೊಂಟಕ್ಕೆ ಕತ್ತಾಳೆ ನಾರಿನ ಹೊರೆ ಸುತ್ತಿಕೊಂಡು, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುವುದನ್ನೂ ಎರಡು ವರ್ಷ ನೋಡಿದ್ದೆ. ನೋಡಿದ್ದೆ ಅಷ್ಟೇ. ಹಿಂದಕ್ಕೆ ನಡೆಯುವುದನ್ನೇ ಕಸುಬಾಗಿ ಉಳ್ಳವನನ್ನು ಹಿಂದಕ್ಕೆ ನಡೆಸಿ ಬೀಳಿಸುತ್ತೇವೆಂದು ನಾವು ಹತ್ತು ಜನ ಬುದ್ಧಿವಂತರು ಸಿದ್ಧರಾಗಿ ಕುಳಿತೆವು.

ಅವನು ನಿಂಬೆಹಣ್ಣು ಕೊಟ್ಟ. ನಾನು ಕಂಠ ಬಿರಿಯುವಂತೆ ಪರಾಕು ಕೂಗಿದೆ. ಅವನು ಕ್ಯಾಪ್ಟನ್ನಿನ ಕಡೆ ಕಣ್ಣು ನೆಟ್ಟು, ಮೆಲ್ಲಗೆ, ನೆಲವನ್ನು ಹಿಮ್ಮಡಿಯಿಂದ ಸವರಿಕೊಂಡು ಹೊರಟ. ಒಂದು ಸಲಾಮು, ಎರಡು ಸಲಾಮು. ಮೂರನೆಯದನ್ನು ಮುಗಿಸಿ ಎದ್ದವನು ಆ ಒಂದೂವರೆ ಅಡಿಯ ಮೇಲೆ ಹಾದು, ಬಾಗಿಲು ತಲುಪಿ, ಅಲ್ಲಿ ನಾಲ್ಕನೆಯ ಸಲಾಮನ್ನು ಧರ್ಮಕ್ಕೆ ಹಾಕಿದ.

‘ಇದೇನ್ಲಾ ಇದು!’ ಎಂದು ಕ್ಯಾಪ್ಟನ್ನು ದಿಮ್ಮಿಯಿಂದ ಎದ್ದ. ‘ಗುಂಡಿ ಯಾವನಾರಾ ಮುಚ್ಚವ್ನಾ?’

‘ಇಲ್ಲೇ ಅದೆ ಕಣಣ್ಣೋ’ ಎಂದರು ಯಾರೋ, ಕಲ್ಲೆಸೆದು ನೋಡಿ.

‘ನೀ ಎಂಗ್ಲಾ ದಾಟ್ದೆ?’

‘ಅದೇನ್ ದೊಡ್ದು ಬುಡಿ ಅಣ್ಣ’ ಎಂದ ಸಾಬರ ಮಗ. ‘ದಿನಾ ಹಿಂದಕ್ಕೇ ತಾನೇ ನಾವು ನಡೆಯೋದು. ಮುಂದಕ್ಕೆ ನಡದ್ರೆ ನಮ್ಮ ಅಬ್ಬಾ ಬೈತಾರೆ.’

ಬೀಳದೆ ಇರುವವನ ವಿಷಯದಲ್ಲಿ ಕಾನೂನು ಏನೂ ಹೇಳಿರಲಿಲ್ಲ. ಕ್ಯಾಪ್ಟನ್ನು ಮೀಸೆ ನೀವಿಕೊಂಡು ತೀರ್ಪು ಕೊಟ್ಟ. ಬಂದವನು ತಂಡಕ್ಕೆ ಸೇರಿದ್ದಾನೆ. ಬಕ್ಷಿಗಿರಿ ಹಾಲಿ ಇರುವವರಲ್ಲೇ ಮುಂದುವರಿಯತಕ್ಕದ್ದು. ನನ್ನ ಮುಖ ಹೇಗಾಯಿತೋ ಏನೋ, ಹೊರಗೆ ಬಂದಾಗ ಸಾಬರ ಮಗ ನನ್ನ ಪಕ್ಕಕ್ಕೆ ಬಂದ. ‘ನಿಮ್ಗೆ ಇನ್ನೊಂದ್ ವರ್ಸ ಬಿತ್ತಲ್ಲ ಗುಮಾಸ್ತರೆ. ಮನಸ್ಸಿಗ್ ತಕಬ್ಯಾಡಿ. ಬೀಳೋಣ ಅಂತಾನೇ ಇದ್ದೆ, ಕಾಲು ಕೇಳ್ನಿಲ್ಲ.’ ಆ ಮಾತು ನಿಜವೋ ಉಪಚಾರವೋ ತಿಳಿಯಲಿಲ್ಲ. ಪಿರಿಯಾಪಟ್ಟಣದ ಪಂದ್ಯಕ್ಕೆ ಹೋಗುವಾಗ ಚೀಲದ ಒಂದು ಕಿವಿಯನ್ನು ಅವನು ಹಿಡಿದುಕೊಂಡ. ಇದು ಕಾನೂನಿಗೆ ವಿರುದ್ಧ ಎಂದೆ. ‘ಅರ್ಧ ವಿರುದ್ಧ’ ಎಂದ.

ಎರಡನೆಯ ವರ್ಷದ ಬಕ್ಷಿಗಿರಿ ಮೊದಲನೆಯದಕ್ಕಿಂತ ಉದ್ದವಾಗಿತ್ತು. ಈಗ ಜವಾನ ಎದ್ದು ನಿಲ್ಲುತ್ತಲೂ ಇರಲಿಲ್ಲ. ಕುಳಿತಲ್ಲೇ ಬಕ್ಷಿ ಎನ್ನುತ್ತಿದ್ದ. ಹೆಸರು ನನಗೆ ಅಂಟಿ ಒಣಗಿತ್ತು.

ಮುಂದಿನ ದಸರೆಗೆ ಬಂದ ಹೊಸಬರು ಹನಗೋಡಿನ ಕಡೆಯವರು, ಪ್ರೈಮರಿ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟರು. ಕಡ್ಡಿಯಂಥ ಮನುಷ್ಯ. ಓಡಿದರೆ ಮಾತ್ರ ಗಾಳಿಗೂ ಸಿಕ್ಕುತ್ತಿರಲಿಲ್ಲ. ಅವರ ನಡಿಗೆಯನ್ನು ನಾನು ಒಂದು ವಾರ ಪರೀಕ್ಷಿಸಿದೆ. ಮುಂದಕ್ಕೆ ನಡೆಯುವಾಗಲೇ ಎಡವುತ್ತಿದ್ದರು. ಇಂಥವರನ್ನು ದೇವರೇ ಕಳಿಸಿದ್ದಾನೆಂದು ನನಗೆ ಖಾತ್ರಿಯಾಯಿತು.

ದರ್ಬಾರಿಗೆ ನಾಲ್ಕು ದಿನ ಮುಂಚೆ ಸಂಜೆ ಮೇಷ್ಟರು ಕಚೇರಿಗೆ ಬಂದು ನನ್ನ ಮೇಜಿನ ಎದುರು ನಿಂತರು.

‘ಗುಂಡಿ ಎಷ್ಟು ಆಳ ಸ್ವಾಮಿ?’

‘ತೊಡೆಯುದ್ದ.’

‘ಕರೆ ಹೋಗೋದಿಲ್ಲವಂತೆ, ಹೌದೇ?’

‘ಸಾಮಾನ್ಯವಾಗಿ ಹೋಗುವುದಿಲ್ಲ’ ಎಂದೆ, ಅನುಭವಸ್ಥ ಅಧಿಕಾರಿಯ ಗಾಂಭೀರ್ಯದಿಂದ.

‘ಇರೋದು ಒಂದೇ ಕೋಟು. ರಜಾ ಮುಗಿದ ದಿನವೇ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡೋಕೆ ಬರ್ತಾರೆ.’

ನಾನು ಮಸಿಕುಡಿಕೆಯ ಮುಚ್ಚಳ ಹಾಕಿದೆ. ಎದುರಿಗಿದ್ದವರ ಕಷ್ಟ ಕೇಳಿಸಿಕೊಂಡೂ ಸುಮ್ಮನಿರುವ ವಿದ್ಯೆಯನ್ನು ಕಚೇರಿ ನನಗೆ ಚೆನ್ನಾಗಿ ಕಲಿಸಿತ್ತು. ನಾಲ್ಕು ದಿನ, ಅಷ್ಟೇ. ಆಮೇಲೆ ಚೀಲ ಇವರ ಹೆಗಲಿಗೆ, ಹೆಸರು ಇವರ ಹಣೆಗೆ. ನಾನು ನಾನಾಗುತ್ತೇನೆ. ಮೇಷ್ಟರು ಹೊರಟವರು ಮತ್ತೆ ತಿರುಗಿದರು.

‘ನೀವು ಬಿದ್ದಾಗ ಬಹಳ ನಕ್ಕಿರಂತೆ. ಎಲ್ಲರೂ ಹೇಳ್ತಾರೆ. ಅಷ್ಟು ನಗು ಬಂತೇ ನಿಮಗೆ?’

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

‘ಇಲ್ಲ’ ಎಂದೆ.

ಮೇಷ್ಟರು ಸುಮ್ಮನೆ ತಲೆಯಾಡಿಸಿದರು. ಆಮೇಲೆ ನಾನು ಕೊಡೆ ತೆಗೆದುಕೊಂಡು, ‘ಬನ್ನಿ’ ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಮನಸ್ಸು ಬದಲಾಯಿಸುತ್ತಿದ್ದೆನೋ ಏನೋ.

ಹಗ್ಗದ ಮಾಳದಲ್ಲಿ ತಂದೆ ಮಗ ರಾಟೆ ಬಿಚ್ಚುವ ಹೊತ್ತು. ವಿಷಯ ಹೇಳಿದೆ. ಮಗ ನನ್ನ ಮುಖವನ್ನೇ ನೋಡಿದ. ‘ಗುಮಾಸ್ತರೆ, ಇವ್ರೂ ಬೀಳ್ನಿಲ್ಲ ಅಂದ್ರೆ ಚೀಲ ನಿಮ್ ತಾವೇ ಇರ್ತದೆ.’

‘ಗೊತ್ತು ಕಣಯ್ಯ.’

‘ಇನ್ನೂ ಒಂದ್ ವರ್ಸ.’

‘ಗೊತ್ತು ಅಂದೆನಲ್ಲ. ಬೇಗ ಹೇಳಿಕೊಡಿ, ನನಗೆ ಬುದ್ಧಿ ಬರುವುದರೊಳಗೆ.’

ಮುದುಕ ಸಾಬರು ನಕ್ಕು, ಮೇಷ್ಟರ ಸೊಂಟಕ್ಕೆ ನಾರಿನ ಹೊರೆಯನ್ನು ಸುತ್ತಿಯೇಬಿಟ್ಟರು. ಬರೀ ಕೈಯಲ್ಲಿ ನಡೆಸಲು ಅವರಿಗೆ ಬರುತ್ತಿರಲಿಲ್ಲವಂತೆ. ‘ಮೇಷ್ಟ್ರೇ, ಹಿಂದಕ್ಕೆ ಹೋಗೋವಾಗ ಹಿಂದೆ ಏನೈತೆ ಅಂತ ನೆನೀಬ್ಯಾಡಿ. ಮುಂದ್ಗಡೆ ಎಲ್ಡು ಗುರ್ತು ಇಟ್ಕಳಿ. ಒಂದು ರಾಟೆ, ಒಂದು ಅದ್ರ ಹಿಂದಿನ ಉಣಸೆಮರ. ಎಲ್ಡೂ ಒಂದೇ ಗೆರೇಲಿ ಇರೋಗಂಟ ನಿಮ್ ಕಾಲು ಸೊಟ್ಟ ಆಗಕಿಲ್ಲ. ಸಲಾಂ ಒಡುದ್ರೂ ಎದ್ಮೇಲೆ ಗೆರೆ ನೋಡ್ಕಳಿ, ಆಮ್ಯಾಕೆ ಕಾಲೆತ್ತಿ.’

ಮೊದಲ ಸಂಜೆ ಮೇಷ್ಟರು ನಾರಿನ ಸಮೇತ ಉರುಳಿದರು. ಮೂರನೆಯ ಸಂಜೆಗೆ ಮಾಳದ ಉದ್ದಕ್ಕೂ ನೆಟ್ಟಗೆ ಹೋದರು. ಅವರು ನೂತ ಹುರಿಯನ್ನು ಸಾಬರು ಬೆಳಕಿಗೆ ಹಿಡಿದು ನೋಡಿ, ‘ನಡಿಗೆ ಅಡ್ಡಿಯಿಲ್ಲ. ಹಗ್ಗ ಮಾತ್ರ ಮೇಕೆಗೂ ಬ್ಯಾಡ’ ಎಂದರು. ನಾನೂ ನಡುನಡುವೆ ನಡೆದು ನೋಡಿದೆ, ಯಾರೂ ಒತ್ತಾಯ ಮಾಡದಿದ್ದರೂ.

ದರ್ಬಾರಿನ ದಿನ ಬಕ್ಷಿಯ ಹಕ್ಕನ್ನು ಚಲಾಯಿಸಿ, ಸಿಂಹಾಸನದ ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆದು ಚೆಂಡುಹೂವಿನ ದೊಡ್ಡ ಕುಚ್ಚು ಕಟ್ಟಿದೆ. ಆ ಕುಚ್ಚೂ ಕ್ಯಾಪ್ಟನ್ನಿನ ರುಮಾಲಿನ ತುದಿಯೂ ಒಂದೇ ಗೆರೆಯಲ್ಲಿ ಕಾಣುವಂತೆ ಹಿಂದಕ್ಕೆ ನಡೆದರೆ ದಾರಿ ನೇರ ಒಂದೂವರೆ ಅಡಿಯ ಮೇಲೆಯೇ. ಕ್ಯಾಪ್ಟನ್ನು ಕುಚ್ಚನ್ನು ನೋಡಿ ಬಹಳ ಸಂತೋಷಪಟ್ಟ. ‘ನೋಡ್ರಲಾ, ಎಲ್ಡು ವರ್ಸ ಮಾಡುದ್ಮೇಲೆ ಬಕ್ಷಿಗೆ ಈಗ ಕೆಲ್ಸ ಬಂತು’ ಎಂದ. ನೆಟ್ಟಗೆ ಕೂರಬೇಕೆಂದು ನಾನು ವಿನಂತಿಸಿದೆ. ದೊರೆಗೆ ತಕ್ಕ ಠೀವಿಯಲ್ಲಿ ಅವನು ಅಲುಗದೆ ಕುಳಿತ.

ಮೇಷ್ಟರು ನಿಂಬೆಹಣ್ಣು ಒಪ್ಪಿಸಿ ಹಿಂದಕ್ಕೆ ಹೊರಟರು. ಎರಡನೆಯ ಸಲಾಮಿನಲ್ಲಿ ಸ್ವಲ್ಪ ವಾಲಿದರು. ನಾನು ಪರಾಕನ್ನು ಅರ್ಧಕ್ಕೇ ಬಿಟ್ಟೆ. ಒಳಗೆಲ್ಲೋ ಒಬ್ಬ ಹಳೆಯ ಬಕ್ಷಿ, ‘ಬೀಳಲಿ’ ಎಂದದ್ದೂ ನಿಜ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೇಷ್ಟರು ನಿಂತರು, ಗೆರೆ ನೋಡಿಕೊಂಡರು, ಆಮೇಲೆ ಕಾಲೆತ್ತಿದರು. ಮೂರನೆಯದೂ ಆಯಿತು. ಕೋಟಿನ ಅಂಚಿಗೆ ಮರದ ಅಟ್ಟಿಯ ಧೂಳು ಹತ್ತಿತು, ಅಷ್ಟೇ.

ಯಾರೂ ಗದ್ದಲ ಮಾಡಲಿಲ್ಲ. ನೋಡಲು ಬಂದಿದ್ದ ಪೇಟೆಯ ಜನ, ‘ಇಷ್ಟೇಯಾ?’ ಎಂದು ಎದ್ದುಹೋದರು. ಮೇಷ್ಟರು ತಾವು ಕಲಿತದ್ದನ್ನು ಕಲಿಸದೆ ಇರಲಾರದ ಜಾತಿಯವರು. ಮುಂದಿನ ವರ್ಷ ಬಂದ ಹೊಸಬನನ್ನೂ ಮಾಳಕ್ಕೆ ಕರೆದುಕೊಂಡು ಹೋದರು. ಅವನೂ ಬೀಳಲಿಲ್ಲ. ಅದರ ಮುಂದಿನ ವರ್ಷ ದರ್ಬಾರನ್ನು ಕರೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ. ಚೀಲ ಮಾತ್ರ ನನ್ನ ಹತ್ತಿರವೇ ಉಳಿಯಿತು. ಅದರ ಒಂದು ಕಿವಿ ಸಾಬರ ಮಗನ ಕೈಯಲ್ಲಿ, ಅರ್ಧ ಕಾನೂನಿಗೆ ವಿರುದ್ಧವಾಗಿ.

ಆ ವರ್ಷದ ಕೊನೆಗೆ ನನಗೆ ಸರಗೂರಿಗೆ ವರ್ಗವಾಯಿತು. ಹೊರಡುವ ಮುನ್ನಾದಿನ ಚೀಲ ಒಪ್ಪಿಸಲು ಗಾಡಿ ಕಾರ್ಖಾನೆಗೆ ಹೋದೆ. ಕ್ಯಾಪ್ಟನ್ನು ಒಬ್ಬನೇ ದಿಮ್ಮಿಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದ.

‘ಯಾರಿಗ್ಲಾ ಒಪ್ಪುಸ್ತೀಯ? ನೀನಾದ್ಮೇಲೆ ಬಿದ್ದೋನು ಯಾವನೂ ಇಲ್ವಲ್ಲ.’

‘ಅದನ್ನು ಸನ್ನಿಧಾನವೇ ತೀರ್ಮಾನಿಸಬೇಕು’ ಎಂದೆ.

ಚೀಲವನ್ನು ಅವನ ಕಾಲ ಬಳಿ ಇಟ್ಟೆ. ಗೋಡೆಯಲ್ಲಿ ಮೊಳೆ ಇನ್ನೂ ಇತ್ತು, ಕುಚ್ಚು ಒಣಗಿ ದಾರ ಉಳಿದಿತ್ತು. ಅದನ್ನೂ ಕ್ಯಾಪ್ಟನ್ನಿನ ತಲೆಯನ್ನೂ ಒಂದು ಗೆರೆಗೆ ತಂದುಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ಹೊರಟೆ. ಒಂದು ಸಲಾಮು. ಎರಡು. ಕ್ಯಾಪ್ಟನ್ನು ಬೀಡಿ ಕೆಳಗಿಟ್ಟ. ಮೂರನೆಯದಕ್ಕೆ ಬಗ್ಗಿ ಎದ್ದು ಈ ಸಲ ಏನನ್ನೂ ಎಣಿಸಲಿಲ್ಲ. ಮಗ್ಗುಲಲ್ಲಿ ನೀರಿನ ತಂಪು ಹಾದುಹೋಯಿತು. ಬಾಗಿಲ ಚೌಕಟ್ಟು ಬೆನ್ನಿಗೆ ತಗುಲಿದಾಗ ನಿಂತೆ.

‘ಮೊದ್ಲೇ ಇಂಗೆ ನಡಿಯಾಕೇನಾಗಿತ್ಲಾ ನಿಂಗೆ?’ ಎಂದ ಕ್ಯಾಪ್ಟನ್ನು. ನಾನು ಉತ್ತರ ಕೊಡಲಿಲ್ಲ. ಸರ್ಕಾರದ ಕಡೆಯಿಂದ ಉತ್ತರ ಬರದಿರುವುದು ಅವನಿಗೂ ಹೊಸದಲ್ಲ.

ಸರಗೂರಿಗೆ ಮೇಷ್ಟರ ಕಾಗದ ಬಂತು. ಕೆ.ಆರ್. ನಗರದವರ ಮೇಲೆ ಆಡಿ ಸೋತರಂತೆ. ಚೀಲವನ್ನು ಕ್ಯಾಪ್ಟನ್ನೇ ಹೊತ್ತುಕೊಂಡು ಬಂದಿದ್ದನಂತೆ, ತಾತ್ಕಾಲಿಕವಾಗಿ ಎಂದು ಎಲ್ಲರಿಗೂ ತಿಳಿಸಿ. ತಾತ್ಕಾಲಿಕ ಎಂದರೆ ಎಷ್ಟು ದಿನವೆಂಬುದು ಕಚೇರಿಯಲ್ಲಿ ಇದ್ದವರಿಗೆ ಗೊತ್ತು.