ನಶ್ಯದ ಘಾಟು

ಅಜ್ಜಿಯ ಹಳೇ ಸೀರೆಯ ತುಂಡೊಂದನ್ನು ಮೂಗಿಗೆ ಒತ್ತಿಕೊಂಡರೆ ಮಾತ್ರ ನನಗೆ ನಿದ್ದೆ ಬರುತ್ತಿತ್ತು. ಅದರಲ್ಲಿ ಅವಳ ನಶ್ಯದ ಘಾಟಿತ್ತು. ಹೊಗೆಸೊಪ್ಪು ಸೋಕಿದರೆ ರೇಷ್ಮೆ ಹುಳು ಸಾಯುತ್ತದೆಂದು ಅಪ್ಪ ಅವಳನ್ನು ಹುಳುಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನನ್ನನ್ನು ಯಾರೂ ತಡೆದಿರಲಿಲ್ಲ.

ಒಂದು ಬೆಳಿಗ್ಗೆ, ಹುಳುಮನೆಯೊಳಗೆ ಹುಳುಗಳಿಗೆ ಹಾಕಲಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ಆ ಬಟ್ಟೆ ಹಾಸಿ ಮಲಗಿದೆ. ಸಂಜೆಗೆ ತಟ್ಟೆಗಟ್ಟಲೆ ಹುಳುಗಳು ಹಸಿರು ಕಾರಿ ಸತ್ತಿದ್ದವು.

"ಯಾರು ಒಳಗ್ ಹೋಗಿದ್ದು?" ಅಪ್ಪನ ಧ್ವನಿ ಏರಿರಲಿಲ್ಲ.

ನಾನು ಬಟ್ಟೆಯನ್ನು ಬೆನ್ನ ಹಿಂದೆ ಮುದುರಿ ಹಿಡಿದೆ. ಅಜ್ಜಿ ನನ್ನ ಕೈ ನೋಡಿದಳು.

"ನಾನೇ ಕಣೋ," ಅಂದಳು.

ಅಪ್ಪ ಅವಳ ನಶ್ಯದ ಡಬ್ಬಿ ಕಿತ್ತುಕೊಂಡು ತಿಪ್ಪೆಗೆ ಎಸೆದ. ನಾನು ಬಟ್ಟೆಯನ್ನು ಒಯ್ದು ಹಾಸಿಗೆಯಡಿ ಅಡಗಿಸಿದೆ.

ಅಜ್ಜಿ ಮತ್ತೆ ನಶ್ಯ ಮುಟ್ಟಲಿಲ್ಲ. ಆ ಘಾಟು ಉಳಿದದ್ದು ನನ್ನ ಬಟ್ಟೆಯಲ್ಲಿ ಮಾತ್ರ. ಅದನ್ನೇ ಮೂಸುತ್ತಾ ಇನ್ನೂ ಎರಡು ವರ್ಷ ನೆಮ್ಮದಿಯಾಗಿ ಮಲಗಿದೆ.